ಜೋಗಕ್ಕೆ ಹೊರಟಿರೋರು ಡ್ಯಾಂ ಲೆವೆಲ್ ನೋಡ್ಕೊಂಡು ಹೋಗಿ

ಮಳೆಗಾಲ ಬಂತು ಅಂತ ಸುಮ್ನೆ ಜೋಗಕ್ಕೆ ಹೊರಟುಬಿಡ್ಬೇಡಿ, ಮೊದ್ಲು ಲಿಂಗನಮಕ್ಕಿ ಡ್ಯಾಂ ಲೆವೆಲ್ ಎಷ್ಟಿದೆ ಅಂತ ನ್ಯೂಸಲ್ಲಿ ನೋಡ್ಕೊಳ್ಳಿ. 1964ರಲ್ಲಿ ಡ್ಯಾಂ ಆದ್ಮೇಲೆ ಶರಾವತಿ ನೀರು ಹೆಚ್ಚಾಗಿ ಕರೆಂಟಿಗೇ ಹೋಗುತ್ತೆ, ಫುಲ್ ಲೆವೆಲ್ 1819 ಅಡಿ, ಅದರ ಹತ್ರ ಬಂದು ಗೇಟ್ ತೆಗೆದ್ರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಮೇಲಿಂದ ಭೋರ್ಗರೆದು ಬೀಳೋದನ್ನ ನೋಡೋಕೆ ಎರಡು ಕಣ್ಣು ಸಾಲಲ್ಲ! ಗೇಟ್ ತೆಗೀದಿದ್ರೂ ಜೋರು ಮಳೆ ಇದ್ರೆ ಚೆನ್ನಾಗೇ ಇರುತ್ತೆ.

ಹೋದಾಗ ಮಂಜು ಮುಚ್ಕೊಂಡಿದ್ರೆ ವಾಪಸ್ ಬರ್ಬೇಡಿ ದಯವಿಟ್ಟು, ಸ್ವಲ್ಪ ಹೊತ್ತು ಕಾಯಿರಿ, ಗಾಳಿ ಬೀಸಿದ್ ತಕ್ಷಣ ಪರದೆ ಸರಿದಂಗೆ ಸರಿಯುತ್ತೆ, ನಮ್ಮಮ್ಮ ಆ ಕ್ಷಣಕ್ಕೆ ನಿಂತಲ್ಲೇ ಕೈ ಮುಗಿದ್ರು. ಆ ಗಾಳಿಗೆ ಛತ್ರಿ ನಿಲ್ಲಲ್ಲ, ರೈನ್‌ಕೋಟ್ ತಗೊಂಡ್ಹೋಗಿ.