ಗೊತ್ತಿಲ್ಲದ ಕಡತಕ್ಕೆ ಸುಳ್ಳು ಚೀಟಿ ಅಂಟಿಸಬೇಡಿ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಎರಕದ ಬಿಡಿಭಾಗಗಳ ನಕ್ಷೆಗಳನ್ನು ಅದರಲ್ಲಿ ಸ್ಟೆಪ್ (3ಡಿ ವಿನ್ಯಾಸ ಉಳಿಸಿಡುವ ಒಂದು ಬಗೆ) ಕಡತಗಳಾಗಿ ಇಟ್ಟಿರುತ್ತೇವೆ. ಒಂದು ದಿನ ಹುಬ್ಬಳ್ಳಿಯ ಗಿರಾಕಿಯೊಬ್ಬರ ಫೋನು: ‘ಸರ್, ಪಂಪಿನ ಕವಚದ ನಕ್ಷೆ ಒತ್ತಿದರೆ ಪುಟದ ತುಂಬ ಬರೀ ಅಂಕಿಗಳು!’ ತೆರೆದು ನೋಡಿದೆ. ಮೊದಲ ಸಾಲು ‘ಐಎಸ್‌ಒ-10303-21’, ಕೆಳಗೆ ‘#10=’, ‘#11=’ ಎಂದು ಮುಗಿಯದ ಸಾಲುಗಳು. ಕಡತ ಸರಿಯಾಗಿಯೇ ಇತ್ತು, ಅದರ ಚೀಟಿ ತಪ್ಪಿತ್ತು.

ಆ ಚೀಟಿಯೇ ಕಂಟೆಂಟ್-ಟೈಪ್: ಕಡತ ಯಾವ ಬಗೆಯದು ಎಂದು ಸರ್ವರ್ ಬ್ರೌಸರಿಗೆ ಹೇಳುವ ಸಾಲು. ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗದಲ್ಲಿ ಕಡತದ ಹೆಸರನ್ನು ಆರಿಸಿದರೆ ಕಾಣುತ್ತದೆ. ನಮ್ಮದರಲ್ಲಿ ‘ಟೆಕ್ಸ್ಟ್/ಪ್ಲೇನ್’, ಅಂದರೆ ಬರೀ ಪಠ್ಯ, ಎಂದಿತ್ತು. ಎನ್‌ಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶಕ್ಕೆ ಪರಿಚಯವಿಲ್ಲದ ಕಡತ ಸಿಕ್ಕಾಗ, ಡಿಫಾಲ್ಟ್-ಟೈಪ್ (ಅಪರಿಚಿತ ಕಡತಕ್ಕೆ ಹಾಕಬೇಕಾದ ಚೀಟಿ) ಬರೆದಿರದಿದ್ದರೆ, ಅದು ಹಾಗೆಯೇ ಹೇಳುತ್ತದೆ. ಅಪಾಚೆ ಎಂಬ ಇನ್ನೊಂದು ಸರ್ವರ್ ತಂತ್ರಾಂಶ ಕೂಡ ವರ್ಷಗಟ್ಟಲೆ ಇದೇ ರೂಢಿಯಲ್ಲಿತ್ತು. 2012ರಲ್ಲಿ ಬಂದ 2.4ನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಒಳ್ಳೆಯದೇ ಆಯಿತು. ತಿಳಿಯದಿದ್ದರೆ ಚೀಟಿಯನ್ನೇ ಬಿಡಬಹುದು ಎಂದು ಸರ್ವರ್-ಬ್ರೌಸರ್ ಮಾತುಕತೆಯ ಎಚ್‌ಟಿಟಿಪಿ ನಿಯಮ 1999ರಲ್ಲೇ ಅವಕಾಶ ಕೊಟ್ಟಿತ್ತು. ಚೀಟಿ ಇಲ್ಲದಿದ್ದರೆ ಬ್ರೌಸರ್ ಕಡತದ ಒಳಗನ್ನು ನೋಡಿ ಊಹಿಸಬಹುದು. ಸುಳ್ಳು ಚೀಟಿ ಇದ್ದರೆ ಅದನ್ನೇ ನಂಬಿ ಕೆಡುತ್ತದೆ.

ಮೊದಲು, ನಿಮಗೆ ಗೊತ್ತಿರುವ ಬಗೆಯನ್ನು ಸರ್ವರಿಗೆ ಕಲಿಸಿ. ಸರ್ವರಿಗೆ ಗೊತ್ತಿರುವ ಬಗೆಗಳ ಪಟ್ಟಿಯಾದ ಮೈಮ್-ಟೈಪ್ಸ್ ಕಡತದಲ್ಲಿ ‘ಮಾಡೆಲ್/ಸ್ಟೆಪ್’ ಎಂದು ಬರೆದು ಮುಂದೆ ಕಡತದ ಹೆಸರಿನ ಕೊನೆಯಲ್ಲಿ ಬರುವ ‘ಸ್ಟೆಪ್’, ‘ಎಸ್‌ಟಿಪಿ’ ಸೇರಿಸಿ. ಎನ್‌ಜಿನ್‌ಎಕ್ಸ್‌ನಲ್ಲಿ ಇದನ್ನು ಸಂರಚನೆಯ ‘ಸರ್ವರ್’ ಅಥವಾ ‘ಲೊಕೇಶನ್’ ಭಾಗದೊಳಗೆ ಪ್ರತ್ಯೇಕ ಟೈಪ್ಸ್ ಪಟ್ಟಿಯಾಗಿ ಖಂಡಿತ ಬರೆಯಬೇಡಿ. ಒಳಗಿನ ಪಟ್ಟಿ ಮೇಲಿನದನ್ನು ಇಡಿಯಾಗಿ ಅಳಿಸಿಹಾಕುತ್ತದೆ, ಚಿತ್ರಗಳಿಗೂ ಚೀಟಿ ತಪ್ಪುತ್ತದೆ. ಉಳಿದ ಅಪರಿಚಿತ ಕಡತಗಳಿಗೆ ಡಿಫಾಲ್ಟ್-ಟೈಪ್ ‘ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್’ ಇರಲಿ: ಇವು ಬರೀ ಬೈಟುಗಳು, ಇಳಿಸಿಕೊಳ್ಳಿ ಎಂದಷ್ಟೇ ಅದರ ಅರ್ಥ.

ಹೊರಗಿನವರು ಏರಿಸುವ ಕಡತಗಳ ವಿಷಯದಲ್ಲಿ ಮಾತ್ರ ಚೀಟಿ ಬಿಡುವ ಉದಾರತೆ ಬೇಡ. ನಕ್ಷೆಯ ಹೆಸರಿನಲ್ಲಿ ಯಾರೋ ಎಚ್‌ಟಿಎಂಎಲ್ ತುರುಕಿದ್ದರೆ, ಊಹಿಸಲು ಹೊರಟ ಬ್ರೌಸರ್ ಅದನ್ನು ನಿಮ್ಮ ತಾಣದ ಪುಟವಾಗಿಯೇ ತೆರೆದೀತು. ಅಲ್ಲಿ ಆಕ್ಟೆಟ್-ಸ್ಟ್ರೀಮ್ ಜೊತೆಗೆ ‘ನೋಸ್ನಿಫ್’ (ಒಳಗನ್ನು ನೋಡಿ ಊಹಿಸಬೇಡ ಎಂಬ) ಸೂಚನೆಯನ್ನೂ ಕಳಿಸಿ.

ಬದಲಾವಣೆ ಉಳಿಸಿ, ಸಂರಚನೆಯನ್ನು ಪರೀಕ್ಷಿಸಿ, ಸರ್ವರನ್ನು ರೀಲೋಡ್ ಮಾಡಿ. ಗಿರಾಕಿಯ ಬ್ರೌಸರಿನಲ್ಲಿ ಹಳೆಯ ಚೀಟಿ ಉಳಿದಿರಬಹುದು. ಹುಬ್ಬಳ್ಳಿಯವರಿಗೆ ಕಂಟ್ರೋಲ್ ಹಿಡಿದು ಎಫ್5 ಒತ್ತಲು ಹೇಳಿದೆ. ಆಮೇಲೆಯೇ ಅವರಿಗೆ ನಕ್ಷೆ ಇಳಿಯಿತು.