ಮದುವೆ ದಿನ ಫೋಟೋಗ್ರಾಫರ್ ಕೆಲಸ: ಬ್ಯಾಟರಿ ಚಾರ್ಜ್‌ನಿಂದ ಬ್ಯಾಕಪ್‌ವರೆಗೆ

ಮದುವೆಯಲ್ಲಿ ಯಾವುದೂ ಎರಡನೇ ಸಲ ನಡೆಯುವುದಿಲ್ಲ. ಮದುಮಗಳು ಒಳಗೆ ಬರುವಾಗ ಅವಳ ಅಪ್ಪನ ಕಣ್ಣು ತುಂಬಿ ಬರುತ್ತದೆ. ಅದು ಮೂರೋ ನಾಲ್ಕೋ ಸೆಕೆಂಡಿನ ಮಾತು. ಆಗ ನೀವು ಲೆನ್ಸ್ ಬದಲಾಯಿಸುತ್ತಾ ನಿಂತಿದ್ದರೆ ಆ ಫೋಟೋ ಹೋಯಿತು. ಅದಕ್ಕೇ ಮದುವೆ ಫೋಟೋಗ್ರಾಫರ್ ಯಾವತ್ತೂ ಹತ್ತು ನಿಮಿಷ ಮುಂದಿರಬೇಕು. ಈಗ ನಡೆಯುತ್ತಿರುವುದನ್ನು ತೆಗೆಯುತ್ತಲೇ, ಮುಂದೆ ಏನು ನಡೆಯುತ್ತದೆ, ಆಗ ಎಲ್ಲಿ ನಿಲ್ಲಬೇಕು ಎಂದು ಯೋಚಿಸುತ್ತಿರಬೇಕು. ಮೊದಲ ಸಲ ಮದುವೆ ಕೆಲಸ ಒಪ್ಪಿಕೊಂಡವರು ಇಡೀ ದಿನವನ್ನು ಹೇಗೆ ನಿಭಾಯಿಸಬಹುದು, ನೋಡೋಣ.

ಹಿಂದಿನ ರಾತ್ರಿಯೇ ಮುಗಿಯಬೇಕಾದ್ದು

ಕ್ಯಾಮೆರಾ ಎರಡು ಬೇಕು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅನ್ನುವುದು ಒಂದು ಕಾರಣ. ಎರಡರಲ್ಲೂ ಬೇರೆ ಬೇರೆ ಲೆನ್ಸ್ ಹಾಕಿಟ್ಟರೆ ಗಡಿಬಿಡಿಯಲ್ಲಿ ಲೆನ್ಸ್ ಬದಲಾಯಿಸುವ ತಾಪತ್ರಯ ಇರುವುದಿಲ್ಲ ಅನ್ನುವುದು ಇನ್ನೊಂದು. ಒಂದರಲ್ಲಿ ಅಗಲ ನೋಟಕ್ಕೆ 35 ಮಿ.ಮೀ., ಇನ್ನೊಂದರಲ್ಲಿ ದೂರದ್ದನ್ನು ಹತ್ತಿರ ತರಲು 85 ಮಿ.ಮೀ. ಅಥವಾ 70-200 ಜೂಮ್ ಲೆನ್ಸ್ ಇದ್ದರೆ ಹೆಚ್ಚಿನ ಕೆಲಸ ಆಗಿಬಿಡುತ್ತದೆ. ಎರಡು ಕಾರ್ಡ್ ಸ್ಲಾಟ್ ಇರುವ ಕ್ಯಾಮೆರಾ ಆದರೆ, ಪ್ರತಿ ಫೋಟೋ ಎರಡೂ ಕಾರ್ಡಿನಲ್ಲಿ ಉಳಿಯುವಂತೆ ಸೆಟ್ ಮಾಡಿ. ರಾ ಫೈಲಿನಲ್ಲೇ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲಿನಲ್ಲೇ, ತೆಗೆಯಿರಿ. ಬೆಳಕು ಹೆಚ್ಚುಕಡಿಮೆ ಆದಾಗ, ಬಣ್ಣ ಕೆಟ್ಟಾಗ ಜೆಪೆಗ್‌ಗಿಂತ ಅದರಲ್ಲಿ ಸರಿಮಾಡಿಕೊಳ್ಳಲು ಅವಕಾಶ ಜಾಸ್ತಿ.

ಇನ್ನೊಂದು ಸಣ್ಣ ಕೆಲಸ ಇದೆ. ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಒಂದೇ ಸಮಯಕ್ಕೆ ಇಡಿ, ಸಹಾಯಕರ ಕ್ಯಾಮೆರಾವನ್ನೂ ಸೇರಿಸಿ. ಇಲ್ಲದಿದ್ದರೆ ಆಲ್ಬಮ್ ಮಾಡುವಾಗ ಸಾವಿರಾರು ಫೋಟೋ ಹಿಂದೆಮುಂದಾಗಿ, ಜೋಡಿಸುವುದರಲ್ಲೇ ದಿನ ಕಳೆಯುತ್ತದೆ.

ಒಂದು ಗಂಟೆ ಮೊದಲೇ ಹೋಗಿ

ಮದುವೆ ನಡೆಯುವ ಜಾಗಕ್ಕೆ ಬೇಗ ಹೋಗಿ, ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಸುಮ್ನೆ ಒಂದು ಸುತ್ತು ಹಾಕಿ. ಕಿಟಕಿ ಯಾವ ಕಡೆ ಇದೆ? ಜೋಡಿ ಎಲ್ಲಿ ನಿಲ್ಲುತ್ತದೆ? ಅವರ ಹಿಂದೆ ಏನು ಕಾಣುತ್ತದೆ? ಛಾವಣಿ ಬಿಳಿ ಇದ್ದರೆ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೆಳಕು ಹಾಯಿಸಬಹುದು. ಹಸಿರೋ ಕೆಂಪೋ ಬಣ್ಣದ ಛಾವಣಿ ಆದರೆ ಆ ಬಣ್ಣವೇ ಮುಖದ ಮೇಲೆ ಬೀಳುತ್ತದೆ.

ಎಲ್ಇಡಿ ದೀಪಗಳ ಬಗ್ಗೆ ಸ್ವಲ್ಪ ಹುಷಾರಾಗಿರಿ. 50 ಹರ್ಟ್ಸ್ ವಿದ್ಯುತ್ ಇರುವ ಕಡೆ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಆದರೆ ಶಟರ್ ವೇಗ ಹೆಚ್ಚಿದ್ದರೆ, ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ, ಫೋಟೋದಲ್ಲಿ ಪಟ್ಟೆಪಟ್ಟೆಯಾಗಿ ನೆರಳು ಬರಬಹುದು. ಶಟರನ್ನು 1/100 ಅಥವಾ 1/50 ಸೆಕೆಂಡಿಗೆ ಇಟ್ಟು ಒಂದು ಫೋಟೋ ತೆಗೆದು, ಪರದೆಯಲ್ಲಿ ಹಿಗ್ಗಿಸಿ ನೋಡಿ. ಈ ಪರೀಕ್ಷೆ ಜನ ಬರುವ ಮೊದಲೇ ಆಗಬೇಕು, ಅಲ್ವಾ?

ವಿಡಿಯೊ ತೆಗೆಯುವವರನ್ನೂ ಆಗಲೇ ಮಾತಾಡಿಸಿ. ಮುಖ್ಯ ಕ್ಷಣದಲ್ಲಿ ನೀವು ಯಾವ ಕಡೆ, ಅವರು ಯಾವ ಕಡೆ ಎಂದು ಎರಡು ಮಾತಿನಲ್ಲಿ ತೀರ್ಮಾನ ಆಗಿಬಿಟ್ಟರೆ, ಆಮೇಲೆ ಒಬ್ಬರ ಚೌಕಟ್ಟಿನಲ್ಲಿ ಇನ್ನೊಬ್ಬರ ಬೆನ್ನು ಕಾಣಿಸುವುದಿಲ್ಲ.

ಅಲಂಕಾರದ ಕೋಣೆ

ಒಳಗೆ ಹೋಗುವ ಮುಂಚೆ ಬಾಗಿಲು ತಟ್ಟಿ, ಒಪ್ಪಿಗೆ ಕೇಳಿ. ಕಿಟಕಿಯಿಂದ ಬೆಳಕು ಸಾಕಷ್ಟು ಬರುತ್ತಿದ್ದರೆ ಹಳದಿ ಬಲ್ಬ್ ಆರಿಸಿಬಿಡಿ. ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಲೆಕ್ಕದಲ್ಲಿ ಹಗಲಿನ ಬೆಳಕು ಸುಮಾರು 5500, ಬಲ್ಬಿನದು ಸುಮಾರು 3000. ಎರಡೂ ಸೇರಿದರೆ ಕೆನ್ನೆಯ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ ಆಗುತ್ತದೆ. ಅದನ್ನು ಆಮೇಲೆ ಸರಿಮಾಡುವುದು ದೊಡ್ಡ ತಲೆನೋವು. ಮದುಮಗಳ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಳ್ಳಿ, ಹಿಂದೆ ಬಿದ್ದಿರುವ ಚೀಲ, ಡಬ್ಬ, ಚಾರ್ಜರ್ ವೈರ್ ಪಕ್ಕಕ್ಕಿಡಿ. ಉಡುಪು, ಒಡವೆ, ಆಮಂತ್ರಣ ಪತ್ರ ಇವುಗಳ ಫೋಟೋ ಇಲ್ಲೇ ಮುಗಿಸಿ. ಮದುಮಗನ ಕೋಣೆಗೂ ಹೋಗುವುದನ್ನು ಮರೆಯಬೇಡಿ. ಆ ಕಡೆಯವರ ಆಲ್ಬಮ್ ಪುಟಗಳು ಖಾಲಿ ಉಳಿದಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಮುಖ್ಯ ಕ್ಷಣ

ಇಬ್ಬರೂ ಗಂಡ-ಹೆಂಡತಿ ಆಗುವ ಆ ಹೊತ್ತು ಯಾವುದು, ಅದಕ್ಕೆ ಮೊದಲು ಏನು ನಡೆಯುತ್ತದೆ ಎನ್ನುವುದನ್ನು ವಿಧಿ ನಡೆಸಿಕೊಡುವವರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಎಲ್ಲಿಯವರೆಗೆ ಹತ್ತಿರ ಬರಬಹುದು, ಫ್ಲ್ಯಾಶ್ ಹಾಕಬಹುದಾ ಎಂದೂ ಕೇಳಿ. ಬೇಡ ಅಂದರೆ ಬೇಡ. ಲೆನ್ಸ್ ಎಷ್ಟು ತೆರೆದಿದೆ ಎಂದು ಹೇಳುವ ಎಫ್ ಸಂಖ್ಯೆ 2 ಅಥವಾ 2.8 (ಸಂಖ್ಯೆ ಚಿಕ್ಕದಾದಷ್ಟು ತೆರಪು ದೊಡ್ಡದು), ಶಟರ್ 1/200ರ ಆಸುಪಾಸು ಇಟ್ಟುಕೊಂಡು, ಕಡಿಮೆ ಬೆಳಕಲ್ಲೂ ಫೋಟೋ ಬೆಳ್ಳಗೆ ಬರಲು ಏರಿಸುವ ಐಎಸ್ಒ 3200, 6400ಕ್ಕೆ ಏರಿದರೂ ಚಿಂತೆಯಿಲ್ಲ. ದೀಪ ಮಿನುಗುವ ತೊಂದರೆ ಇದ್ದರೆ ಮಾತ್ರ 1/100ರಲ್ಲೇ ಇರಿ. ಐಎಸ್ಒ ಏರಿ ಸ್ವಲ್ಪ ಚುಕ್ಕೆಚುಕ್ಕೆಯಾಗಿ ಬಂದ ಫೋಟೋವನ್ನು ಮನೆಯವರು ಗೋಡೆಗೆ ಹಾಕಿಕೊಳ್ಳುತ್ತಾರೆ, ಅಲುಗಾಡಿದ ಫೋಟೋವನ್ನು ಯಾರೂ ಹಾಕುವುದಿಲ್ಲ.

ಜೋಡಿಯ ಫೋಟೋ ಸಿಕ್ಕಿತು ಅನ್ನಿಸಿದ ತಕ್ಷಣ ಕ್ಯಾಮೆರಾವನ್ನು ಎದುರು ಕೂತವರ ಕಡೆ ತಿರುಗಿಸಿ. ಅಮ್ಮ, ಅಪ್ಪ, ಅಜ್ಜಿ, ತಂಗಿ ಎಲ್ಲರ ಮುಖದಲ್ಲೂ ಆಗ ಏನೋ ನಡೆಯುತ್ತಿರುತ್ತದೆ. ಮದುಮಕ್ಕಳು ತಮ್ಮ ಮದುವೆಯಲ್ಲಿ ನೋಡಲಾಗದ ದೃಶ್ಯ ಅದೊಂದೇ. ಅದನ್ನು ಅವರಿಗೆ ತೋರಿಸಬಲ್ಲವರು ನೀವು ಮಾತ್ರ.

ಗ್ರೂಪ್ ಫೋಟೋ: ಇಲ್ಲಿ ನಿಮ್ಮ ದನಿ ಬೇಕು

ಬೆಳಗ್ಗೆಯಿಂದ ಗೋಡೆಗೆ ಒರಗಿಕೊಂಡು ಸದ್ದಿಲ್ಲದೆ ಓಡಾಡಿದವರು ಈಗ ಜೋರಾಗಿ ಮಾತಾಡಬೇಕು. ಯಾರ ಯಾರ ಗ್ರೂಪ್ ಬೇಕು ಎಂಬ ಪಟ್ಟಿಯನ್ನು ಮನೆಯವರಿಂದ ಮೊದಲೇ ಬರೆಸಿಕೊಂಡಿರಿ. ಒಂದೊಂದಕ್ಕೆ ಎರಡು ಮೂರು ನಿಮಿಷ ಎಂದು ಲೆಕ್ಕ ಹಾಕಿದರೆ, ಹತ್ತು ಗ್ರೂಪಿಗೆ ಅರ್ಧ ಗಂಟೆ ಹಿಡಿಯುತ್ತದೆ. ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಜನ ಕರೆಯಲು ನೇಮಿಸಿಕೊಳ್ಳಿ. ಚಿಕ್ಕಪ್ಪ ಯಾರು, ಸೋದರಮಾವ ಯಾರು ಎಂದು ನಿಮಗೆ ಗೊತ್ತಿರುವುದಿಲ್ಲ, ಅವರಿಗೆ ಗೊತ್ತಿರುತ್ತದೆ.

ಮೊದಲು ವಯಸ್ಸಾದವರು ಇರುವ ಗ್ರೂಪ್. ಅವರಿಗೆ ಕುರ್ಚಿ ಹಾಕಿಸಿ, ಕಾಯಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಅಜ್ಜ ಅಜ್ಜಿ ಜೊತೆಗಿನ ಫೋಟೋ ಸಿಗಲಿಲ್ಲ ಅನ್ನುವ ಬೇಸರ ಆ ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆಮೇಲೆ ಮಕ್ಕಳಿರುವ ಗ್ರೂಪ್, ಕೊನೆಗೆ ಗೆಳೆಯರದು. ಗೆಳೆಯರು ಎಷ್ಟು ಹೊತ್ತಾದರೂ ಇರುತ್ತಾರೆ.

ಎರಡು ಮೂರು ಸಾಲು ಇದ್ದರೆ ಎಫ್ 5.6ರಿಂದ 8ರವರೆಗೆ ಇಡಿ. ಎಫ್ 2ರಲ್ಲೇ ಮರೆತು ತೆಗೆದರೆ ಹಿಂದಿನ ಸಾಲು ಮಸುಕಾಗುತ್ತದೆ. ತುಂಬಾ ಅಗಲದ ಲೆನ್ಸ್ ಹಾಕಬೇಡಿ. 24 ಮಿ.ಮೀ.ನಲ್ಲಿ ತುದಿಯಲ್ಲಿ ನಿಂತವರ ಮುಖ, ತೋಳು ಎಳೆದಂತೆ ಅಗಲವಾಗುತ್ತವೆ. ಆದಷ್ಟು ಹಿಂದೆ ಹೋಗಿ 35 ಅಥವಾ 50 ಬಳಸಿ. ಕನ್ನಡಕದಲ್ಲಿ ಫ್ಲ್ಯಾಶ್ ಹೊಳೆಯುತ್ತಿದ್ದರೆ ಗದ್ದ ಒಂಚೂರು ಇಳಿಸಲು ಹೇಳಿ, ಇಲ್ಲವೇ ಕನ್ನಡಕದ ಕಡ್ಡಿಯನ್ನು ಕಿವಿಯಿಂದ ಕೂದಲೆಳೆಯಷ್ಟು ಮೇಲೆತ್ತಿಸಿ. ಹೊಳಪು ಕೆಳಗೆ ಜಾರಿಹೋಗುತ್ತದೆ. ಎಲ್ಲರೂ ಒಂದೇ ಸಲ ಕಣ್ಣು ತೆರೆದಿರುವುದು ಅಪರೂಪ. ಹಾಗಾಗಿ ಪ್ರತಿ ಗ್ರೂಪಿಗೂ ಐದಾರು ಕ್ಲಿಕ್ ಇರಲಿ. ಸುತ್ತಲಿನವರು ಮೊಬೈಲ್ ಎತ್ತಿದ್ದರೆ ಎಲ್ಲರೂ ಬೇರೆ ಬೇರೆ ಕಡೆ ನೋಡುತ್ತಾರೆ. 'ಮೊದಲು ನನಗೆ, ಆಮೇಲೆ ನಿಮಗೂ ಅರ್ಧ ನಿಮಿಷ ಕೊಡ್ತೀನಿ' ಎಂದು ನಗುತ್ತಾ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಬ್ಬರಿಗಷ್ಟೇ ಸ್ವಲ್ಪ ಹೊತ್ತು

ಸಂಜೆ ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆಯಲ್ಲಿ ಬೆಳಕು ಮೆತ್ತಗಿರುತ್ತದೆ. ಆಗ ಹದಿನೈದು ಇಪ್ಪತ್ತು ನಿಮಿಷ ಜೋಡಿಯನ್ನು ಹೊರಗೆ ಕರೆದುಕೊಂಡು ಹೋಗಿ. ಜೊತೆಗೆ ದಂಡು ಬೇಡ. ಭಂಗಿ ಹೇಳಿಕೊಡುವುದಕ್ಕಿಂತ, ಕೈಹಿಡಿದು ಮಾತಾಡುತ್ತಾ ನನ್ನ ಕಡೆ ನಡೆದು ಬನ್ನಿ ಅನ್ನಿ. ಬೆಳಗ್ಗೆಯಿಂದ ಅವರಿಬ್ಬರೂ ನೆಮ್ಮದಿಯಾಗಿ ಮಾತಾಡಿರುವುದೇ ಇಲ್ಲ. ನಗು ತಾನಾಗಿಯೇ ಬರುತ್ತದೆ.

ದಿನ ಮುಗಿಯುವ ಹೊತ್ತಿಗೆ

ಅತಿಥಿಗಳು ಊಟಕ್ಕೆ ಕೂತಾಗಲೇ ನೀವೂ ಉಣ್ಣಿ. ಬಾಯಲ್ಲಿ ತುತ್ತು ಇರುವ ಫೋಟೋ ಯಾರಿಗೂ ಬೇಡ. ಕುಣಿತ, ಭಾಷಣ ಶುರುವಾಗುವ ಮೊದಲು ಬ್ಯಾಟರಿ ಬದಲಾಯಿಸಿ, ಪೂರ್ತಿ ಖಾಲಿಯಾಗಲಿ ಎಂದು ಕಾಯಬೇಡಿ. ಸಣ್ಣ ಪರದೆ ನೋಡಿ ಯಾವ ಫೋಟೋವನ್ನೂ ಅಳಿಸಲು ಹೋಗಬೇಡಿ. ತುಂಬಿದ ಕಾರ್ಡನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ ಅಂಗಿಯ ಒಳಜೇಬಿನಲ್ಲಿಡಿ, ಬ್ಯಾಗಿನಲ್ಲಿ ಬೇಡ. ಬ್ಯಾಗನ್ನು ಎಲ್ಲೋ ಇಟ್ಟು ಓಡಾಡುತ್ತೀರಿ, ಜೇಬು ನಿಮ್ಮ ಜೊತೆಗೇ ಇರುತ್ತದೆ.

ಮನೆಗೆ ಹೋದ ಮೇಲೆ ಎಷ್ಟೇ ಸುಸ್ತಾಗಿರಲಿ, ಆ ರಾತ್ರಿಯೇ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ಹಾಕಿಡಿ. ಮೂರನೇ ಪ್ರತಿ ಬೇರೆ ಜಾಗದಲ್ಲಿ ಅಥವಾ ಕ್ಲೌಡ್‌ನಲ್ಲಿರಲಿ. ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ನೋಡಿ. ಆಲ್ಬಮ್ ಮನೆಯವರ ಕೈಸೇರುವವರೆಗೂ ಆ ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡಬೇಡಿ. ಮುಂದಿನ ಕೆಲಸಕ್ಕೆ ಬೇರೆ ಕಾರ್ಡ್ ತೆಗೆದುಕೊಳ್ಳಿ.