ಲಿನಕ್ಸ್ ಪಿಸಿಯೇ ರೂಟರ್ ಆದಾಗ ಇಂಟರ್ನೆಟ್ ವೇಗಕ್ಕೆ ಮಿತಿ ಹಾಕುವುದು

ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಪಿಜಿಗಳಲ್ಲಿ 100 ಎಂಬಿಪಿಎಸ್‌ನ ಒಂದೇ ಫೈಬರ್ ಲೈನಿಗೆ ಮೂವತ್ತು ಮೊಬೈಲು ಇರುವುದುಂಟು. ಒಬ್ಬರು ದೊಡ್ಡ ಫೈಲು ಇಳಿಸತೊಡಗಿದರೆ ಉಳಿದವರ ಲೈವ್ ಕ್ಲಾಸು ತಡವರಿಸುತ್ತದೆ. ಹಾಗಂತ ತಲೆಗೆ 3 ಎಂಬಿಪಿಎಸ್ ಎಂದು ಕಟ್ಟಿಹಾಕಬೇಡಿ. ಮಧ್ಯಾಹ್ನ ಇಬ್ಬರೇ ಇದ್ದಾಗ ಉಳಿದ 94 ಯಾರಿಗೂ ಸಿಗದು. ಇಡೀ ಲೈನಿಗೆ ಒಂದು ಮಿತಿ ಹಾಕಿ, ಒಳಗೆ ಸಮಪಾಲು ಮಾಡುವುದೇ ಸರಿ. ಲಿನಕ್ಸ್ ಕರ್ನೆಲ್ 4.19ರಿಂದ ಇರುವ, ಡೇಟಾದ ಸರದಿಯನ್ನು ನಿಭಾಯಿಸುವ 'ಕೇಕ್' ಇದಕ್ಕೆ ಸಾಕು.

ಮೊದಲು ರಾತ್ರಿ 9ರ ಹೊತ್ತಿಗೆ, ಬೇರೆ ಯಾರೂ ಬಳಸದಂತೆ ಮಾಡಿ, ಕೇಬಲ್ ಹಾಕಿಯೇ ವೇಗ ಅಳೆಯಿರಿ. 92 ಬಂದರೆ ಮಿತಿ 85 ಇರಲಿ. ಮಿತಿ ಲೈನಿನ ವೇಗಕ್ಕಿಂತ ಕೆಳಗಿದ್ದರೆ ಮಾತ್ರ ಕಾಯುವ ಡೇಟಾದ ಸಾಲು ನಿಮ್ಮ ಪಿಸಿಯಲ್ಲಿ ನಿಲ್ಲುತ್ತದೆ. ಇಲ್ಲದಿದ್ದರೆ ಮೋಡೆಮ್‌ನಲ್ಲೋ ಕಂಪನಿಯ ಕಡೆಯೋ ನಿಲ್ಲುತ್ತದೆ, ಅಲ್ಲಿ ನಿಮ್ಮ ಕೈ ಓಡದು.

ಪಿಸಿಯ ನೆಟ್‌ವರ್ಕ್ ಕಾರ್ಡು ತಾನು ಕಳಿಸುವುದನ್ನಷ್ಟೇ ಚೆನ್ನಾಗಿ ಹಿಡಿಯಬಹುದು. ಆದ್ದರಿಂದ ಡೌನ್‌ಲೋಡ್ ಮಿತಿ ಒಳಗಿನ (ಮೊಬೈಲುಗಳ ಕಡೆಯ) ಕಾರ್ಡಿಗೆ, ಅಪ್‌ಲೋಡ್ ಮಿತಿ ಹೊರಗಿನ (ಫೈಬರ್ ಕಡೆಯ) ಕಾರ್ಡಿಗೆ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ, ಟ್ರಾಫಿಕ್ ಹಿಡಿಯುವ 'ಟಿಸಿ' ಕಮಾಂಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ:

ಟಿಸಿ ಕ್ಯೂಡಿಸ್ಕ್ ರಿಪ್ಲೇಸ್ ಡೆವ್ ಇಎನ್‌ಪಿ2ಎಸ್0 ರೂಟ್ ಕೇಕ್ ಬ್ಯಾಂಡ್‌ವಿಡ್ತ್ 85ಎಂಬಿಟ್ ಡ್ಯುಯಲ್-ಡಿಎಸ್‌ಟಿಹೋಸ್ಟ್

ಟಿಸಿ ಕ್ಯೂಡಿಸ್ಕ್ ರಿಪ್ಲೇಸ್ ಡೆವ್ ಪಿಪಿಪಿ0 ರೂಟ್ ಕೇಕ್ ಬ್ಯಾಂಡ್‌ವಿಡ್ತ್ 85ಎಂಬಿಟ್ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್ ನ್ಯಾಟ್

ಇಎನ್‌ಪಿ2ಎಸ್0 ಒಳಗಿನ ಕಾರ್ಡು, ಪಿಪಿಪಿ0 ಹೊರಗಿನದು; ಹೆಸರು ನಿಮ್ಮದನ್ನೇ ಹಾಕಿ. 'ಐಪಿ ಲಿಂಕ್' ಅಂದರೆ ತೋರಿಸುತ್ತದೆ. ಎರಡನೇ ಸಾಲಿನ 'ನ್ಯಾಟ್' (ಒಳಗಿನ ವಿಳಾಸಗಳನ್ನು ಬಿಡಿಸಿ ನೋಡು ಎನ್ನುವ ಪದ) ಬಿಟ್ಟರೆ ಹೊರಗಿನ ಕಾರ್ಡಿಗೆ ಎಲ್ಲರೂ ಒಂದೇ ವಿಳಾಸದವರಾಗಿ ಕಾಣುತ್ತಾರೆ, ಪಾಲು ಹಂಚಿಕೆ ಸತ್ತಂತೆ. 'ಎಂಬಿಟ್' ಬದಲು 'ಎಂಬಿಪಿಎಸ್' ಬರೆದರಂತೂ ಟಿಸಿ ಅದನ್ನು ಮೆಗಾಬೈಟ್ ಎಂದೇ ಓದುತ್ತದೆ: ಮಿತಿ ಎಂಟು ಪಟ್ಟು ಮೇಲೇರುತ್ತದೆ, ದೋಷದ ಸಂದೇಶವೂ ಬರದು.

ವೈಫೈ ಪೆಟ್ಟಿಗೆಯನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ವೈಫೈ ಮಾತ್ರ ಕೊಡುವ ಬಗೆಗೆ) ಹಾಕಲೇಬೇಕು. ಅದು ತಾನೇ ರೂಟರ್ ಆಗಿ ಕುಳಿತರೆ ಅದರ ಹಿಂದಿನ ಇಪ್ಪತ್ತು ಮೊಬೈಲುಗಳೂ ಸೇರಿ ಒಬ್ಬರ ಪಾಲನ್ನೇ ಹಂಚಿಕೊಳ್ಳುತ್ತವೆ. ಒಳಗೆ ಎರಡು ಕಾರ್ಡು ಇದ್ದರೆ ಬ್ರಿಜ್ ಮಾಡಿ (ಎರಡನ್ನೂ ಒಂದಾಗಿ ಜೋಡಿಸಿ), ಆ ಬ್ರಿಜ್‌ನ ಹೆಸರಾದ ಬಿಆರ್0 ಮೇಲೆ ಕೇಕ್ ಹಾಕಿ. ಪಿಸಿಯಲ್ಲೇ ಇಟ್ಟ ಪಾಠದ ವಿಡಿಯೊಗಳು ಕೂಡ ಆಗ 85ರೊಳಗೇ ಬರುತ್ತವೆ, ಗಮನವಿರಲಿ.

ಪರೀಕ್ಷಿಸಲು ಒಂದು ಲ್ಯಾಪ್‌ಟಾಪಿನಲ್ಲಿ ದೊಡ್ಡ ಡೌನ್‌ಲೋಡ್ ಬಿಟ್ಟು, ಇನ್ನೊಂದರಿಂದ ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ ಮಾಡಿ (ಉತ್ತರ ಬರುವ ಸಮಯ ಅಳೆಯಿರಿ). ಖಾಲಿ ಲೈನಿನಲ್ಲಿ 20 ಮಿಲಿಸೆಕೆಂಡ್ ಇದ್ದದ್ದು 200ಕ್ಕೆ ಜಿಗಿದರೆ ಮಿತಿಯನ್ನು ಐದೈದು ಎಂಬಿಟ್ ಇಳಿಸುತ್ತ ಹೋಗಿ. ಎರಡೂ ಲ್ಯಾಪ್‌ಟಾಪು ಕೇಬಲ್‌ನಲ್ಲಿರಲಿ, ವೈಫೈ ತಡವನ್ನು ಲೈನಿನ ತಲೆಗೆ ಕಟ್ಟಬಾರದು.

ಯಾರೋ ಒಬ್ಬರಿಗೇ 5 ಎಂಬಿಟ್ ಮೀರಬಾರದು ಎಂದಿದ್ದರೆ, ಟ್ರಾಫಿಕ್ಕನ್ನು ಕ್ಲಾಸುಗಳಾಗಿ (ಗುಂಪುಗಳಾಗಿ) ಮಾಡಿ ಮಿತಿ ಹಾಕುವ 'ಎಚ್‌ಟಿಬಿ' ಬೇಕು. ಅದರಲ್ಲಿ 'ಡಿಫಾಲ್ಟ್' ಕ್ಲಾಸು ಹೇಳದಿದ್ದರೆ, ಯಾವ ಕ್ಲಾಸಿಗೂ ಸೇರದ ಪ್ಯಾಕೆಟ್ಟುಗಳು ಮಿತಿಯೇ ಇಲ್ಲದೆ ಓಡುತ್ತವೆ.

ಕರೆಂಟು ಹೋಗಿ ಪಿಸಿ ಮತ್ತೆ ಶುರುವಾದರೆ ಈ ಸೆಟ್ಟಿಂಗುಗಳು ಉಳಿಯುವುದಿಲ್ಲ. ಮೊದಲ ಸಾಲನ್ನು, ಪಿಸಿ ಶುರುವಾದಾಗ ತಾನೇ ಓಡುವ ಸಿಸ್ಟಮ್‌ಡಿ ಸರ್ವಿಸ್‌ನಲ್ಲಿಡಿ. ಪಿಪಿಪಿ0 ಲೈನು ಕಡಿದು ಬಂದಾಗಲೆಲ್ಲ ಹೊಸದಾಗಿ ಹುಟ್ಟುವುದರಿಂದ, ಡೆಬಿಯನ್, ಉಬುಂಟುಗಳಲ್ಲಿ ಎರಡನೇ ಸಾಲಿನ ಜಾಗ ಇಟಿಸಿ ಒಳಗಿನ ಪಿಪಿಪಿ ಫೋಲ್ಡರಿನ 'ಐಪಿ-ಅಪ್.ಡಿ', ಲೈನು ಬಂದಾಗ ಓಡುವ ಸ್ಕ್ರಿಪ್ಟುಗಳ ಫೋಲ್ಡರು. ಸ್ಕ್ರಿಪ್ಟಿನ ಹೆಸರಿಗೆ '.ಎಸ್‌ಎಚ್' ಬಾಲ ಬೇಡ, ಚುಕ್ಕೆಯಿರುವ ಹೆಸರನ್ನು ಅದು ಓಡಿಸುವುದಿಲ್ಲ.